ಮಗ್ಗದ ಸದ್ದಿನಲ್ಲಿ ಒಂದು ಗೆರೆ

ಮೊದಲ ಸಲ ಅದು ಬಂದದ್ದು ಬಸ್ಸಿನಲ್ಲಿ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಬರುವ ಬಸ್ಸು, ರಾಜಾನುಕುಂಟೆ ದಾಟಿದ ಮೇಲೆ, ಕಿಟಕಿ ಪಕ್ಕದ ಸೀಟು. ಇದ್ದಕ್ಕಿದ್ದ ಹಾಗೆ ಎದೆ ಓಡತೊಡಗಿತು. ಬೆರಳುಗಳು ಜುಮ್ಮೆಂದವು. ಉಸಿರು ಗಂಟಲಿನಿಂದ ಕೆಳಗಿಳಿಯಲು ಒಪ್ಪಲಿಲ್ಲ. ಸಾಯುತ್ತಿದ್ದೇನೆ ಅನ್ನುವುದು ಎಷ್ಟು ಖಚಿತವಾಗಿತ್ತೆಂದರೆ, ತೊಡೆಯ ಮೇಲಿದ್ದ ಸೊಪ್ಪಿನ ಚೀಲವನ್ನು ಪಕ್ಕದವರ ಕೈಗೆ ಕೊಟ್ಟು, ಇದನ್ನು ನಮ್ಮ ಮನೆಗೆ ತಲುಪಿಸಿಬಿಡಿ ಎನ್ನಬೇಕು ಅನ್ನಿಸಿತ್ತು.

ಸೊಪ್ಪಿನ ಚೀಲ ಕೇಳಲು ಚೆನ್ನಾಗಿದೆ. ಹೇಳಿ ಹೇಳಿ ಅದು ಅಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಆದರೆ ಯಲಹಂಕದಿಂದ ನಮ್ಮೂರಿಗೆ ಯಾರಾದರೂ ಸೊಪ್ಪು ತರುತ್ತಾರೆಯೇ? ಸೊಪ್ಪು ಹೋಗುವುದು ಇಲ್ಲಿಂದ ಅಲ್ಲಿಗೆ. ನನ್ನ ಮಗಳು ಚೈತ್ರ ಈಗಲೂ ನಗುತ್ತಾಳೆ. "ಬಸ್ಸಲ್ಲಲ್ಲ ಅಮ್ಮ, ನನ್ ಮದ್ವೆ ಚಪ್ಪರದ ದಿನ. ಸ್ಟೋರ್ ರೂಮಲ್ಲಿ ತೆಂಗಿನಕಾಯಿ ಮೂಟೆ ಮೇಲೆ ಕೂತ್ಕೊಂಡು ನೀನು ಬಿಕ್ಕಳಿಸ್ತಾ ಇದ್ದೆ. ಮಗಳು ಹೋಗ್ತಾಳೆ ಅಂತ ಅಳ್ತಿದ್ದೀಯ ಅಂದ್ಕೊಂಡು ನಾವೆಲ್ಲ ಸುಮ್ನಾದ್ವಿ."

ಇರಬಹುದು. ನಾನು ಅಷ್ಟಿಷ್ಟು ಕತೆ ಬರೆಯುವವಳು. ಅದಕ್ಕೇ ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಅದು ಕೈಗೆ ಸಿಕ್ಕಿದ್ದನ್ನೆಲ್ಲ ಇಸ್ತ್ರಿ ಹಾಕಿ ಮಡಿಸಿಟ್ಟುಬಿಡುತ್ತದೆ. ಈ ಕಾಯಿಲೆಯಲ್ಲಿ ನನಗೆ ಚಿತ್ರ ಬರೆಯುವುದನ್ನು ಹೇಳಿಕೊಟ್ಟ ಡಾಕ್ಟರು ಒಂದು ನಿಯಮ ಹಾಕಿದ್ದರು: ಪೆನ್ನು ಎತ್ತಬೇಡಿ, ಅಳಿಸಬೇಡಿ. ಈ ಬರವಣಿಗೆಗೂ ಅದೇ ನಿಯಮ. ಬಸ್ಸು ಇರಲಿ, ಸೊಪ್ಪಿನ ಚೀಲವೂ ಇರಲಿ. ಪಕ್ಕದಲ್ಲೇ ತೆಂಗಿನಕಾಯಿ ಮೂಟೆಯೂ ಇರಲಿ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಮುಂದೆ ವಾಸ, ಹಿಂದೆ ಶೆಡ್ಡು. ಶೆಡ್ಡಿನಲ್ಲಿ ನಾಲ್ಕು ಪವರ್ ಲೂಮುಗಳು ಬೆಳಗಾದರೆ ಶುರುವಾಗುತ್ತವೆ. ನಮ್ಮ ಮನೆಯವರು, ಮೈದುನ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ನಮ್ಮತ್ತೆ, ನಾನು. ಗುಟ್ಟನ್ನೂ ಕೂಗಿಯೇ ಹೇಳಬೇಕಾದ ಮನೆ ಇದು. ಹೊಸಬರು ಬಂದರೆ ಕಿವಿ ಮುಚ್ಚಿಕೊಂಡು, ಇದರಲ್ಲಿ ಹೇಗೆ ಬದುಕುತ್ತೀರಿ ಎಂದು ಕೇಳುತ್ತಾರೆ. ಯಾವುದರಲ್ಲಿ ಎಂದು ನಾವು ಕೇಳುತ್ತೇವೆ.

ಬಸ್ಸೋ ಚಪ್ಪರವೋ, ಅದಾದ ಮೇಲೆ ಅದು ಮತ್ತೆ ಮತ್ತೆ ಬಂತು. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ. ಹೃದಯದ ಡಾಕ್ಟರ ಹತ್ತಿರ ಹೋದೆವು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಪರದೆಯ ಮೇಲೆ ನನ್ನ ಹೃದಯವನ್ನು ತೋರಿಸಿದರು. ಕತ್ತಲೆಯಲ್ಲಿ ಬಾಯಿ ತೆರೆದು ಮುಚ್ಚುವ ಮೀನಿನ ಹಾಗಿತ್ತು. ಎಲ್ಲವೂ ನಾರ್ಮಲ್ ಎಂದರು. ನಮ್ಮ ಮನೆಯವರಿಗೆ ಎಷ್ಟು ಸಂತೋಷವಾಯಿತೆಂದರೆ, ಬರುವ ದಾರಿಯಲ್ಲಿ ಬೇಕರಿಗೆ ನುಗ್ಗಿ ಮನೆಮಂದಿಗೆಲ್ಲ ದಿಲ್‌ಪಸಂದ್ ಕಟ್ಟಿಸಿಕೊಂಡರು.

"ನಾರ್ಮಲ್ ಅಂತೆ!" ಎಂದು ಬಾಗಿಲಲ್ಲೇ ಕೂಗಿದರು.

"ನಾನ್ ಹೇಳ್ಲಿಲ್ವಾ, ಅದು ಬರೀ ಗ್ಯಾಸು," ಎಂದರು ಅತ್ತೆ. ಆದರೂ ಸಂಜೆ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದರು. ಮೆಣಸಿನಕಾಯಿ ಘಾಟು ಬರಲಿಲ್ಲವಾಗಿ, ಬಹಳ ದೃಷ್ಟಿಯಾಗಿದೆ ಎಂದೂ ಹೇಳಿದರು.

ಎಲ್ಲರೂ ದಿಲ್‌ಪಸಂದ್ ತಿಂದರು, ನಾನೂ ತಿಂದೆ. ಕಾಯಿಲೆ ಇಲ್ಲ ಎಂದ ದಿನ ನನಗಾದಷ್ಟು ಒಂಟಿತನ, ಇದೆ ಎಂದಿದ್ದರೆ ಆಗುತ್ತಿರಲಿಲ್ಲ. ಇದನ್ನು ಓದುವವರಲ್ಲಿ ಒಬ್ಬಿಬ್ಬರಿಗಾದರೂ ಇದು ಗೊತ್ತಿರುತ್ತದೆ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ಚೈತ್ರ ಬಸುರಿ ಎಂದು ಹೊಸಕೋಟೆಯ ಬೀಗರ ಮನೆಯಿಂದ ಫೋನ್ ಬಂದ ವಾರವೇ ನನ್ನ ಕೈಯಿಂದ ಬಿಸಿನೀರಿನ ತಪ್ಪಲೆ ಬಿತ್ತು. ಅತ್ತೆಯ ಸ್ನಾನಕ್ಕೆಂದು ಹಂಡೆಯಿಂದ ತೋಡಿಕೊಂಡು ಬರುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ಅದು ಬಂತು. ಬೆರಳುಗಳು ನನ್ನವಲ್ಲದ ಹಾಗಾದವು. ನೀರು ಅತ್ತೆಯ ಪಾದದಿಂದ ಗೇಣು ದೂರದಲ್ಲಿ ಹರಿದು ಹೋಯಿತು. ಅವತ್ತು ಕರೆಂಟ್ ಹೋಗಿತ್ತೆ, ಮಗ್ಗಗಳು ನಿಂತಿದ್ದವೆ? ಮುಂದೆ ನಡೆದದ್ದಕ್ಕೆ ಹೊಂದುತ್ತದೆಂದು ಹಾಗೆ ಸೇರಿಸಿಕೊಳ್ಳುವ ಆಸೆ ಈಗ ಬಹಳವಾಗುತ್ತದೆ. ಸೇರಿಸುವುದಿಲ್ಲ. ನೆನಪಿಲ್ಲ.

ಅತ್ತೆ ಬೈಯಲಿಲ್ಲ. ನೆಲ ಒರೆಸುತ್ತಿದ್ದ ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಗಿರಿಜಾ, ಕೂಸಿಗೆ ಎರೆಯೋರು ಯಾರೇ?"

ಮೊದಲ ಹೆರಿಗೆ ತವರಿನಲ್ಲಿ. ಕೂಸಿಗೆ ಎರೆಯುವುದು, ಅಂದರೆ ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಎಳೆಗೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು, ನಮ್ಮ ಮನೆಯಲ್ಲಿ ಅಜ್ಜಿಯ ಕೆಲಸ. ಚೈತ್ರಳಿಗೆ ಎರೆದವರು ಇದೇ ಅತ್ತೆ. ಈಗ ಅವರ ಮಣಿಕಟ್ಟು ಒಂದು ಚೊಂಬನ್ನು ಎತ್ತುವುದೇ ಹೆಚ್ಚು. ಎಣ್ಣೆ ಹಚ್ಚಿದ ಕೂಸು ಕೈಯಲ್ಲಿ ಹೇಗೆ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಬೆರಳುಗಳು ನನ್ನವಲ್ಲದ ಗಳಿಗೆಯಲ್ಲಿ ಅದು ನನ್ನ ಕಾಲ ಮೇಲಿದ್ದರೆ? ಆಮೇಲಿನ ತಿಂಗಳುಗಳಲ್ಲಿ ನನ್ನ ಭಯವೆಲ್ಲ ಈ ಒಂದೇ ಪ್ರಶ್ನೆಯೊಳಗೆ ಬಂದು ಸೇರಿಕೊಂಡಿತು.

ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಎಂದವಳು ಮುಬೀನಾ. ಪಕ್ಕದ ಬೀದಿಯವಳು, ನಮ್ಮ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾಳೆ. ಸರ್ಕಾರಿ ಆಸ್ಪತ್ರೆಯ ಆ ಬಾಗಿಲ ಮುಂದಿನ ಬೆಂಚಿನಲ್ಲಿ ಕೂರಲು ನನಗೆ ನಾಚಿಕೆ. ಸೆರಗನ್ನು ಕಿವಿಯವರೆಗೆ ಎಳೆದುಕೊಂಡಿದ್ದೆ.

"ಅಕ್ಕಾ, ಯಾರಾದ್ರೂ ಕೇಳಿದ್ರೆ ನಂಗೇ ತೋರಿಸಕ್ಕೆ ಬಂದಿದ್ದು ಅಂತ ಹೇಳ್ಬಿಡಿ," ಎಂದಳು. "ನಮ್ ಯಜಮಾನ್ರು ನಂಗೆ ಹುಚ್ಚು ಅಂತ ಮೊದ್ಲೇ ಊರಿಗೆಲ್ಲ ಹೇಳ್ಬಿಟ್ಟವ್ರೆ. ನಂಗೇನೂ ಲುಕ್ಸಾನಿಲ್ಲ."

ಅದೇ ಹೊತ್ತಿಗೆ ನಮ್ಮ ಬೀದಿಯ ಸೀರೆ ವ್ಯಾಪಾರಿಯ ಹೆಂಡತಿ ಎದುರಿಗೆ ಬರಬೇಕೇ? ಅವರ ಕೈಯಲ್ಲೂ ಆಸ್ಪತ್ರೆಯ ಚೀಟಿ.

"ಏನ್ರೀ ಗಿರಿಜಮ್ಮ, ನೀವಿಲ್ಲಿ?"

"ಇವ್ಳಿಗೆ ನಿದ್ದೆ ಬರಲ್ವಂತೆ," ಎಂದೆ. ಮುಬೀನಾ ತಕ್ಷಣ ಕಣ್ಣು ಅರ್ಧ ಮುಚ್ಚಿಕೊಂಡು ಆಕಳಿಸಿದಳು.

"ಹೌದಾ ಪಾಪ. ನಾನೂ ನಮ್ ನಾದಿನಿಗೆ ಅಂತ ಬಂದೆ."

ನಾದಿನಿ ಎಲ್ಲೂ ಕಾಣಲಿಲ್ಲ. ಅವರು ಬೆಂಚಿನ ಆ ತುದಿಯಲ್ಲಿ ಕೂತರು, ನಾವು ಈ ತುದಿಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಅವರು ಚೀಲದಿಂದ ಕಡಲೆಕಾಯಿ ತೆಗೆದು ನಮ್ಮ ಕಡೆ ಚಾಚಿದರು. ಮೂವರೂ ಸಿಪ್ಪೆ ಸುಲಿಯುತ್ತ ಕೂತೆವು. ಆ ಕಡಲೆಕಾಯಿಯನ್ನು ನಾನು ಮರೆಯುವುದಿಲ್ಲ. ಇದೊಂದಕ್ಕೆ ಮುಬೀನಾಳ ಸಾಕ್ಷಿಯೂ ಇದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂದಲಿಗೆ ಕ್ಲಿಪ್ಪಿನ ಬದಲು ಪೆನ್ನು ಸಿಕ್ಕಿಸಿಕೊಂಡಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಇದಕ್ಕೆ ಹೆಸರಿದೆ, ಪ್ಯಾನಿಕ್ ಎನ್ನುತ್ತಾರೆ ಎಂದರು. ಹೆಸರಿದೆ ಎಂದದ್ದಕ್ಕೇ ನನಗೆ ಅಳು ಬಂತು. ಮಾತ್ರೆ ಬರೆದರು. ಕೊನೆಗೆ ಧೈರ್ಯ ಮಾಡಿ ಕೇಳಿದೆ: "ಮೊಮ್ಮಗು ಬರುತ್ತೆ. ಎರೀಬೇಕು. ನನ್ ಕೈಗೆ ಕೊಡಬಹುದಾ ಡಾಕ್ಟ್ರೇ?"

"ನಾನು ಕೊಡಬಹುದು ಅಂದ್ರೆ ಇವತ್ತು ಎತ್ಕೋತೀರಾ?"

"ಇಲ್ಲ."

"ಹಾಗಾದ್ರೆ ಅಲ್ಲೀವರ್ಗೂ ಆ ಕೈಗೆ ಬೇರೆ ಕೆಲಸ ಕೊಡೋಣ," ಎಂದು ಕೂದಲಿನ ಪೆನ್ನು ಕಿತ್ತು ನನ್ನ ಕೈಗಿಟ್ಟರು. ಕೂದಲು ಹರಡಿಕೊಂಡಿತು. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಬರೆಯಿರಿ ಎಂದರು. ನನಗೆ ಚಿತ್ರ ಬರೆಯಲು ಬರುವುದಿಲ್ಲ ಎಂದೆ. "ಬರಬಾರ್ದು, ಅದೇ ಒಳ್ಳೇದು. ಕಾಗದ ನೋಡ್ಬೇಡಿ. ಬಾಟ್ಲಿ ಅಂಚು ಮಾತ್ರ ನೋಡಿ. ಇರುವೆ ಹೋದ ಹಾಗೆ ಕಣ್ಣು ಆ ಅಂಚಿನ ಮೇಲೆ ನಿಧಾನ ಹೋಗ್ಲಿ. ಕಣ್ಣು ಹೋದಷ್ಟೇ ಪೆನ್ನು ಹೋಗ್ಲಿ. ಎತ್ತಬೇಡಿ, ಅಳಿಸ್ಬೇಡಿ."

ಮುಗಿಸಿ ನೋಡಿದರೆ ಕಾಗದದ ಮೇಲಿದ್ದದ್ದು ಒದ್ದೆ ಸಾಕ್ಸು. ಡಾಕ್ಟರು ನಕ್ಕರು. ಬಾಟಲಿಯ ಮುಚ್ಚಳದ ಕೆಳಗೆ ಸಣ್ಣ ಹಲ್ಲುಗಳಿರುತ್ತವೆ ಎಂದು ನಾನು ಮೊದಲ ಸಲ ನೋಡಿದ್ದೆ. ನೋಡುತ್ತಿದ್ದಷ್ಟು ಹೊತ್ತು ನನ್ನ ಎದೆಯ ಕಡೆ ಗಮನ ಹೋಗಿರಲಿಲ್ಲ.

"ದಿನಾ ಸ್ವಲ್ಪ ಹೊತ್ತು. ಯಾವ್ದಾದ್ರೂ ಸದ್ದಿಲ್ಲದ ಜಾಗದಲ್ಲಿ ಕೂತ್ಕೊಂಡು ಮಾಡಿ," ಎಂದರು.

ಸದ್ದಿಲ್ಲದ ಜಾಗ! ನಮ್ಮ ಮನೆ ಅದನ್ನು ಮದುವೆಗೆ ಹೆಣ್ಣು ಹುಡುಕಿದ ಹಾಗೆ ಹುಡುಕಿತು. ಮೈದುನ ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಹಿಂದೆ ಚಾಪೆ ಹಾಸಿಕೊಟ್ಟ. ಅಲ್ಲಿ ಸಿಮೆಂಟೇ ನಡುಗುತ್ತಿತ್ತು. ಅತ್ತೆ ದೇವಸ್ಥಾನದ ಜಗಲಿ ಎಂದರು. ಅಲ್ಲಿ ಪರಿಚಯದವರೆಲ್ಲ ಬಂದು ಮಾತಾಡಿಸಿದರು. ಕೊನೆಗೆ ನಮ್ಮ ಮನೆಯವರು ನನ್ನನ್ನು ಸಾಸಲು ಹಳ್ಳಿಯಲ್ಲಿರುವ ನನ್ನ ತಂಗಿ ಸರೋಜಳ ಮನೆಗೆ ಬಿಟ್ಟು ಬಂದರು. ರಾಗಿ ಹೊಲದ ಅಂಚಿನ ಮನೆ, ಮಧ್ಯಾಹ್ನವಾದರೆ ಎಲೆ ಅಲುಗುವುದೂ ಕೇಳುತ್ತದೆ. "ಹದಿನೈದು ದಿನ ಆರಾಮಾಗಿ ಇದ್ದು ಬಾ, ಮಗ್ಗದ ಯೋಚ್ನೆ ಬಿಡು," ಎಂದರು.

ಹಿತ್ತಲಿನ ಒರಳುಕಲ್ಲನ್ನು ಬರೆಯಲು ಕೂತೆ. ಸದ್ದೇ ಇಲ್ಲ. ಪೆನ್ನು ಅರ್ಧ ಸುತ್ತು ಬಂದಿರಬೇಕು, ಅದು ಬಂತು. ಬಸ್ಸಿನದಕ್ಕಿಂತಲೂ ಚಪ್ಪರದ ದಿನದ್ದಕ್ಕಿಂತಲೂ ಜೋರಾಗಿ. ಸರೋಜ ಓಡಿಬಂದು ಬೆನ್ನು ತಿಕ್ಕಿದಳು. ಮಾರನೆಯ ದಿನವೂ ಹಾಗೇ. ಪೆನ್ನು ಎತ್ತುವುದಿರಲಿ, ಎಸೆದೇಬಿಟ್ಟೆ.

"ಇಲ್ಲಿ ಒಂದು ಕಾಗೆ ಕೂಗಿದ್ರೆ ಅದೇ ದೊಡ್ ಸದ್ದು ಕಣಕ್ಕ," ಎಂದು ಸರೋಜ ಅಳುವ ಹಾಗೆ ಹೇಳಿದಳು. "ಇಲ್ಲೂ ಸಮಾಧಾನ ಇಲ್ಲ ಅಂದ್ರೆ ನಿನ್ನ ಎಲ್ಲಿಗ್ ಕರ್ಕೊಂಡ್ ಹೋಗದು?"

ಅವಳ ತಪ್ಪೇನೂ ಇರಲಿಲ್ಲ. ನಮ್ಮ ಮನೆಯವರು ಮತ್ತೆ ಬೈಕಿನಲ್ಲಿ ಬಂದರು. ಹಿಂದೆ ಹತ್ತಿ ಕೂತೆ. ಗುಣವಾಗುವ ಔಷಧಿಯನ್ನೇ ದೇಹ ಕಕ್ಕಿತು, ಇನ್ನು ಮಗುವನ್ನು ಮುಟ್ಟಿದ ಹಾಗೇ ಎಂದು ನಾನು ಲೆಕ್ಕ ಹಾಕಿಯಾಗಿತ್ತು. ಬೈಕು ನಮ್ಮ ಬೀದಿಗೆ ತಿರುಗಿತು. ಎರಡೂ ಕಡೆಯ ಮನೆಗಳಿಂದ ಮಗ್ಗಗಳ ಸದ್ದು ಬಂದು ಮೈಗೆ ಬಡಿಯಿತು. ಉಸಿರು ಸರಕ್ಕನೆ ಹೊಟ್ಟೆಯವರೆಗೆ ಇಳಿಯಿತು. ನನ್ನ ಕೈ ಅವರ ಭುಜದ ಮೇಲೆ ಸಡಿಲವಾದದ್ದು ಅವರಿಗೂ ತಿಳಿಯಿತು. ಬೈಕು ನಿಲ್ಲಿಸಿ ಹಿಂದೆ ತಿರುಗಿದರು.

"ಲೇ ಗಿರಿಜಾ, ನಾವೆಂಥ ಪೆದ್ದರು ನೋಡು," ಎಂದರು. "ಮಗ್ಗ ನಿಂತ್ರೆ ನಿಂಗೆ ಎದೆ ಓಡುತ್ತೆ ಕಣೇ."

ಮಗ್ಗದ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಕಿವಿ ಕಲಿತದ್ದು ಅದೊಂದನ್ನೇ. ಎಳೆ ಹರಿದರೆ ಮಗ್ಗ ನಿಲ್ಲುತ್ತದೆ. ಸದ್ದು ನಿಂತರೆ ಏನೋ ಹರಿದಿದೆ, ಎದ್ದು ಓಡು. ನಿದ್ದೆಯಲ್ಲಿದ್ದರೂ ಓಡು, ಊಟದ ಕೈಯಲ್ಲೇ ಓಡು. ಊರಿಗೆಲ್ಲ ನೆಮ್ಮದಿ ಅನ್ನಿಸುವುದು ನನ್ನ ದೇಹಕ್ಕೆ ಕೇಡಿನ ಸುದ್ದಿ. ನಾವೆಲ್ಲ ಸೇರಿ ನನ್ನನ್ನು ಅದರ ಬಾಯಿಗೇ ಒಯ್ದು ಬಿಟ್ಟು ಬಂದಿದ್ದೆವು.

ಆದರೆ ಇಲ್ಲೂ ಒಂದು ಗಂಟು ಉಳಿಯುತ್ತದೆ. ಮೊದಲ ಸಲ ಬಂದದ್ದು ಬಸ್ಸಿನಲ್ಲೇ ಆಗಿದ್ದರೆ, ಬಸ್ಸಿನಲ್ಲಿ ಸದ್ದಿಗೇನು ಕಡಿಮೆಯಿತ್ತು? ಚಪ್ಪರದ ದಿನ ವಾಲಗ ಬೇರೆ ಇತ್ತು. ಆದ್ದರಿಂದ ಕಾಯಿಲೆಗೆ ಮೌನವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದದ್ದು, ಎಲ್ಲಿ ಕೂತು ಬರೆಯಬೇಕು ಅನ್ನುವುದಷ್ಟೇ. ಮುಂದಿನ ಸಲ ಹೇಳಿದಾಗ ಡಾಕ್ಟರು ಹುಬ್ಬೇರಿಸಿ, "ಸರಿ, ಹಾಗಾದ್ರೆ ಗಲಾಟೇಲೇ ಬರೀರಿ," ಎಂದರು.

ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದು ಹೊಸ್ತಿಲಿದೆ. ಅಲ್ಲಿ ಕೂರತೊಡಗಿದೆ. ಬರೆಯಲು ಹಳೆಯ ಡಿಸೈನ್ ರಟ್ಟುಗಳು ಸಿಕ್ಕವು. ಸೀರೆಯ ಅಂಚಿನಲ್ಲಿ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಮಗ್ಗಕ್ಕೆ ಹೇಳಲು ತೂತು ಹೊಡೆದ ಉದ್ದುದ್ದ ಪಟ್ಟಿಗಳು. ಈಗ ಡಿಸೈನೆಲ್ಲ ಕಂಪ್ಯೂಟರಿನಿಂದ ಬರುತ್ತದೆ, ರಟ್ಟುಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದವು. ಅವುಗಳ ಮೇಲೆ ಗೆರೆ ಎಳೆದರೆ ಪೆನ್ನು ಆಗಾಗ ತೂತಿಗೆ ಬೀಳುತ್ತದೆ. ಬಿದ್ದರೆ ಎತ್ತುವ ಹಾಗಿಲ್ಲ, ಆಚೆ ದಡದವರೆಗೆ ಮೆಲ್ಲಗೆ ದಾಟಿಸಬೇಕು. ನನಗೆ ಅದು ಹಿಡಿಸಿತು.

ಮೊದಲು ಬರೆದದ್ದು ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳನ್ನು. ಆಮೇಲೆ ಲಾಳಿ, ಕುಕ್ಕರು, ಬಾಗಿಲ ಚಿಲಕ. ಮಗ್ಗದ ಹೊಡೆತಕ್ಕೆ ಸರಿಯಾಗಿ ಕಣ್ಣು ಒಂದು ಕೂದಲೆಳೆಯಷ್ಟು ಮುಂದೆ ಹೋಗುತ್ತಿತ್ತು. ಯಾರೂ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ ಎಂದು ಬೇರೆ ಹೇಳಬೇಕೇ?

"ದೊಡ್ಡಮ್ಮಾ, ನನ್ ಜಾಮಿಟ್ರಿ ಬಾಕ್ಸ್ ಎಲ್ಲಿ?"

"ಅಕ್ಕ, ಸಾರಿಗೆ ಉಪ್ಪು ಹಾಕಿದ್ರಾ?"

"ಗಿರಿಜಾ, ಆ ಕೆಂಪು ನೂಲಿನ ಪೆಟ್ಟಿಗೆ!"

ಮೊದಮೊದಲು ಸಿಟ್ಟು ಬರುತ್ತಿತ್ತು. ಕಣ್ಣು ತೆಗೆಯದೆ ಉತ್ತರ ಕೊಡುವುದನ್ನು ಆಮೇಲೆ ಕಲಿತೆ. ಮಂಚದ ಕೆಳಗೆ. ಹಾಕಿದ್ದೀನಿ. ಬಾಗಿಲ ಹಿಂದೆ. ಅವರ ಮಾತುಗಳೂ ಮಗ್ಗದ ಸದ್ದಿನ ಜೊತೆ ಸೇರಿ ಗೆರೆಯೊಳಗೆ ಹೋಗತೊಡಗಿದವು. ಶಾಂತಿ ಎಂದರೆ ಎಲ್ಲರೂ ಸುಮ್ಮನಿರುವುದು ಎಂದು ಯಾರು ಹೇಳಿದರೋ.

ಒಂದು ದಿನ ಅತ್ತೆ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಮುಖದ ಅಂಚನ್ನು ಹಿಡಿದು ಹೋದೆ. ಮುಗಿದ ಮೇಲೆ ರಟ್ಟನ್ನು ಕಿತ್ತುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನೇ, ಹಲಸಿನಹಣ್ಣಾ?"

"ನಿಮ್ ಮುಖ ಅತ್ತೆ."

"ಮೂಗು ಮಾತ್ರ ನಮ್ಮಪ್ಪಂದೇ ಬಂದೈತೆ ನೋಡು," ಎಂದು ಅದನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಮಾರನೆಯ ದಿನದಿಂದ, ನಾನು ಹೊಸ್ತಿಲ ಮೇಲೆ ಕೂತ ಕೂಡಲೇ, ಬೇಕಿರಲಿ ಬೇಡವಾಗಿರಲಿ, ಎದುರಿಗೆ ಬಂದು ಏನಾದರೂ ಸುಲಿಯುತ್ತ ಕೂರತೊಡಗಿದರು.

ಬರೆಯುವಾಗಲೇ ಅದು ಬಂದದ್ದೂ ಉಂಟು. ಒಂದು ರಟ್ಟಿನಲ್ಲಿ ಕುಕ್ಕರಿನ ಹಿಡಿ ಬರುವ ಜಾಗದಲ್ಲಿ ಗೆರೆ ಇದ್ದಕ್ಕಿದ್ದ ಹಾಗೆ ಗರಗಸದ ಹಲ್ಲಾಗುತ್ತದೆ. ಸುಮಾರು ದೂರ ಹಾಗೇ ಹೋಗಿ ಮತ್ತೆ ಗೆರೆಯಾಗುತ್ತದೆ. ಪೆನ್ನು ಎತ್ತಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಹೋಗಲು ಒಂದು ಆಚೆ ದಡ ಇತ್ತು ಅಂತ. ಮಾತ್ರೆಯನ್ನೂ ಬಿಡಲಿಲ್ಲ. ಗೆರೆ ಎಳೆದೇ ಗುಣಮಾಡಿಕೊಂಡೆ ಎಂದು ಯಾರಾದರೂ ನನ್ನ ಹೆಸರಿನಲ್ಲಿ ಹೇಳಿದರೆ ನಂಬಬೇಡಿ.

ಏಳನೆಯ ತಿಂಗಳಿಗೆ ಚೈತ್ರ ಬಂದಳು. ಹಿಂದೆಯೇ ಹೊಸಕೋಟೆಯಿಂದ ಬೀಗಿತ್ತಿಯ ಫೋನು. ಒಳ್ಳೆಯ ಹೆಂಗಸು, ಒಳ್ಳೆಯ ಮಾತೇ ಆಡಿದರು: "ನಿಮಗೂ ಹುಷಾರಿಲ್ಲ ಅಂತ ಕೇಳ್ದೆ. ಬಾಣಂತನ ನಮ್ಮಲ್ಲೇ ಮಾಡ್ಕೋತೀವಿ. ನಮ್ಮನೇಲಿ ಜನ ಇದಾರೆ, ನೀವು ಸಂಕೋಚ ಪಟ್ಕೋಬೇಡಿ." ಸ್ಪೀಕರಿನಲ್ಲಿತ್ತು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರು ಒಪ್ಪಿದರೆ ನನಗೆ ನೋವು, ಒಪ್ಪದಿದ್ದರೆ ಭಯ. ಎರಡೂ ನನ್ನ ಮುಖದಲ್ಲಿ ಒಟ್ಟಿಗೇ ಕಂಡಿರಬೇಕು.

ಚೈತ್ರ ಫೋನು ತೆಗೆದುಕೊಂಡಳು. "ಇಲ್ಲ ಅತ್ತೆ, ನಾನು ಅಮ್ಮನ ಹತ್ರಾನೇ ಇರ್ತೀನಿ," ಎಂದಳು. ಫೋನು ಇಟ್ಟ ಮೇಲೆ ನನ್ನ ಪಕ್ಕ ಹೊಸ್ತಿಲ ಮೇಲೆ ಕಷ್ಟಪಟ್ಟು ಕೂತಳು. "ಅಮ್ಮ, ಭಯ ಆದ್ರೆ ಮಗೂನ ನನ್ ಕೈಗೆ ಕೊಟ್ಬಿಡು. ಅಷ್ಟೇ ತಾನೆ? ಕೊಟ್ಟಿದ್ದಕ್ಕೆ ಯಾರೂ ಏನೂ ಅನ್ನಲ್ಲ."

"ಕೊಡಕ್ಕೂ ಕೈ ಬರ್ದೇ ಇದ್ರೆ?"

"ನಾನೇ ತಗೋತೀನಿ ಬಿಡೇ."

ಅವಳು ಹಾಗೆ ಹೇಳಿದಳೆಂದು ನನ್ನ ನೆನಪು. ಅವಳು, ತಾನು ಸುಮ್ಮನೆ ನನ್ನ ಭುಜಕ್ಕೆ ಒರಗಿದ್ದೆ, ಮಾತೇ ಆಡಿರಲಿಲ್ಲ ಎನ್ನುತ್ತಾಳೆ. ಯಾವುದಾದರೂ ಸರಿ, ನನಗೆ ತಲುಪಿದ್ದು ಇದೇ.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ಎತ್ತಿಕೊಂಡರು. ನಾನು ಚೀಲ ಹಿಡಿದುಕೊಂಡಿದ್ದೆ. ಎರಡು ಕೈಗೂ ಒಂದೊಂದು ಚೀಲ, ಬೇಕೆಂದೇ.

ಈಗಲೂ ಅದು ಬರುತ್ತದೆ. ಮೊನ್ನೆ ಕೂಡ ಬ್ಯಾಂಕಿನ ಸಾಲಿನಲ್ಲಿ ಬಂತು, ಕಿಟಕಿಯ ಸರಳಿನ ಅಂಚನ್ನು ಕಣ್ಣಿನಲ್ಲೇ ಹಿಡಿದು ನಿಂತೆ, ಹೋಯಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳುವುದು ಬೇರೆಯೇ ಇದೆ, ಅದರ ನಂತರ ಇದನ್ನು ಹೇಳಲು ಮನಸ್ಸು ಬರುವುದಿಲ್ಲ.

ಮೊದಲ ಸಲ ಎರೆಯುವ ದಿನ. ಬೆಳಗಿನ ಬಿಸಿಲು ಬಚ್ಚಲಿನ ಗವಾಕ್ಷಿಯಿಂದ ಬಿದ್ದಿತ್ತು. ಹಂಡೆಯ ನೀರು ಕಾದಿತ್ತು, ಬಟ್ಟಲಲ್ಲಿ ಹರಳೆಣ್ಣೆ, ಪಕ್ಕದಲ್ಲಿ ಕಡಲೆಹಿಟ್ಟು. ಅತ್ತೆ ಚೊಂಬು ಹಿಡಿದು ಮಣೆಯ ಮೇಲೆ ಕೂತರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ ಕಾಲು ಚಾಚಿದೆ. ಚೈತ್ರ ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿ ಬಾಗಿಲಿಗೆ ಒರಗಿ ನಿಂತಳು. ಹಿಂದೆ ಮಗ್ಗಗಳು ಓಡುತ್ತಿದ್ದವು. ನಾನು ಅವುಗಳನ್ನೇ ನಂಬಿ ಕೂತಿದ್ದೆ. ಎದೆಗೆ, ಹೊಟ್ಟೆಗೆ, ತೊಡೆಗೆ ಎಣ್ಣೆ ಹಚ್ಚಿದೆ. ಮಗು ಕಾಲು ಒದ್ದಿತು, ಜಾರುವ ಕಾಲು.

ಆಗ ಮಗ್ಗಗಳು ನಿಂತವು.

ಒಂದರ ಹಿಂದೆ ಒಂದು, ನಾಲ್ಕೂ. ಕರೆಂಟ್ ಹೋದರೆ ಒಟ್ಟಿಗೇ ನಿಲ್ಲುತ್ತವೆ. ಇದು ಹಾಗಲ್ಲ, ಯಾರೋ ನಿಲ್ಲಿಸುತ್ತಿದ್ದರು. ಯೋಚಿಸುವಷ್ಟರಲ್ಲಿ ಎದೆ ಓಡತೊಡಗಿತ್ತು. ಬೆರಳ ತುದಿಗಳು ಜುಮ್ಮೆಂದವು. ಏಳು, ಓಡು ಎಂದು ಕಾಲುಗಳು ಹೇಳಿದವು. ಕಾಲ ಮೇಲೆ ಕೂಸಿತ್ತು.

"ನೀರ್ ಹುಯ್ಯಲಾ?" ಎಂದರು ಅತ್ತೆ.

ಕಣ್ಣಿಗೆ ಸಿಕ್ಕಿದ್ದು ಮಗುವಿನ ಕಿವಿ. ಇಷ್ಟೇ ಇಷ್ಟು ಕಿವಿ, ಮೇಲಿನ ಅಂಚು ಇನ್ನೂ ಒಳಕ್ಕೆ ಮಡಿಚಿಕೊಂಡೇ ಇತ್ತು, ಬಿಚ್ಚಿಕೊಳ್ಳಲು ಮರೆತ ಎಲೆಯ ಹಾಗೆ. ಎಣ್ಣೆಯ ಬೆರಳನ್ನು ಆ ಅಂಚಿನ ಬುಡಕ್ಕಿಟ್ಟೆ. ಕಣ್ಣು ಹೋದಷ್ಟೇ ಬೆರಳು. ಮಡಿಕೆಯ ಮೇಲೆ, ಅದರಾಚೆಯ ಇಳಿಜಾರಿನ ಮೇಲೆ. ನವಿರಾದ ಕೂದಲು ಇದ್ದವು, ಎಣ್ಣೆಯಲ್ಲಿ ಮಲಗಿದವು. ಹಾಲೆಯ ಹತ್ತಿರ ಬಂದೆ. ಬೆರಳು ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟೆ. ಎತ್ತಲಿಲ್ಲ. ಕಿವಿಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ, ಗಲ್ಲದ ಕೆಳಗಿನ ಸುಕ್ಕಿನೊಳಗೆ, ಆ ಕಡೆಯ ಕಿವಿಗೆ. ಮಗು ಒದೆಯುವುದನ್ನು ನಿಲ್ಲಿಸಿ ನನ್ನ ಕಡೆ, ಇಲ್ಲ, ನನ್ನ ಹಣೆಯ ಮೇಲೆ ಎಲ್ಲೋ ನೋಡುತ್ತಿತ್ತು.

"ಹುಯ್ಯಿರಿ ಅತ್ತೆ," ಎಂದೆ.

ನೀರು ಬಿದ್ದಿತು. ಮಗು ಬೆಚ್ಚಿ ಅತ್ತಿತು, ಆಮೇಲೆ ಸುಮ್ಮನಾಯಿತು. ಹಿಟ್ಟು ಹಚ್ಚಿದೆ, ತೊಳೆದೆ, ಮಗ್ಗುಲಾಗಿಸಿ ಬೆನ್ನು ಉಜ್ಜಿದೆ. ಅತ್ತೆ ಹಳೆಯ ಕತೆ ತೆಗೆದರು, ಚೈತ್ರ ಎಳೆಗೂಸಾಗಿದ್ದಾಗ ಅವರ ಮೇಲೆಲ್ಲ ಉಚ್ಚೆ ಹೊಯ್ದದ್ದು. ಚೈತ್ರ, "ಅಜ್ಜಿ, ಸಾಕು," ಎಂದಳು. ಮೆತ್ತನೆಯ ಹಳೇ ಸೀರೆಯಲ್ಲಿ ಸುತ್ತಿ ಮಗುವನ್ನು ಅವಳ ಕೈಗೆ ಕೊಟ್ಟೆ. ಭಯಕ್ಕೆ ಕೊಟ್ಟದ್ದಲ್ಲ, ಕೆಲಸ ಮುಗಿದಿತ್ತು. ಅವಳು ಮಗುವನ್ನೆತ್ತಿಕೊಂಡು ಸಾಂಬ್ರಾಣಿ ಹೊಗೆಯ ಕಡೆ ಹೋದಳು.

ಬಚ್ಚಲಿನಿಂದ ಹೊರಗೆ ಬಂದರೆ ನಮ್ಮ ಮನೆಯವರು ಹೊಸ್ತಿಲ ಮೇಲೆ, ನನ್ನ ಜಾಗದಲ್ಲಿ, ಮೈಯೆಲ್ಲ ಕಿವಿಯಾಗಿ ನಿಂತಿದ್ದರು.

"ಮಗ್ಗ ಯಾಕ್ರೀ ನಿಲ್ಸಿದ್ರಿ ಮಧ್ಯದಲ್ಲಿ?"

"ನೀನ್ ಕೂಗಿದ್ರೆ ಕೇಳಿಸ್ಬೇಕಲ್ಲೇ," ಎಂದರು. ಆಮೇಲೆ ತಾವೇ ಆಡಿದ್ದ ಮಾತು ನೆನಪಾಗಿ ಅವರ ಮುಖ ಬಿಳಿಚಿತು. "ಅಯ್ಯೋ. ಅದೇ ತಪ್ಪಾಯ್ತೇನೇ?"

"ಮತ್ತೆ ಯಾವಾಗ ಹಾಕಿದ್ರಿ?"

"ಏನು?"

"ಮಗ್ಗ."

ಅವರು ನನ್ನನ್ನೇ ನೋಡಿದರು. "ಇನ್ನೂ ಹಾಕೇ ಇಲ್ಲ ಕಣೇ."

ನಿಂತು ಕೇಳಿಸಿಕೊಂಡೆ. ನಿಜ. ಬಚ್ಚಲಿನಲ್ಲಿ ಹಂಡೆಯ ಕೆಳಗೆ ಸೌದೆ ಚಟ್ ಎಂದಿತು. ಒಳಗೆ ಚೈತ್ರ ಮಗುವಿಗೆ ಏನೋ ಹೇಳುತ್ತಿದ್ದಳು. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಆಗಿನಿಂದಲೂ ಇರಲಿಲ್ಲ.

"ಹಾಕ್ಬಿಡ್ತೀನಿ ತಡಿ," ಎಂದು ಅವರು ಅವಸರದಿಂದ ಶೆಡ್ಡಿನ ಕಡೆ ತಿರುಗಿ ಸ್ವಿಚ್ಚಿಗೆ ಕೈ ಹಾಕಿದರು.

"ಇರ್ಲಿ ಬಿಡ್ರಿ," ಎಂದೆ. "ಸ್ವಲ್ಪ ಹೊತ್ತು."